ಮೈದಾನ ಕಾಯುವವನಿಗೆ ಮತವಿಲ್ಲ: ಬಹುಕ್ರೀಡಾ ಕ್ಲಬ್ಬುಗಳ ಆಡಳಿತ ಕುರಿತು ಒಂದು ವಿವೇಚನೆ

ಊರಿನ ಆಟದ ಕ್ಲಬ್ಬಿನ ಚರಿತ್ರೆ ಬರೆಯಲು ಹೊರಟವರು ಸಾಮಾನ್ಯವಾಗಿ ಗಾಜಿನ ಕಪಾಟಿನ ಟ್ರೋಫಿಗಳಿಂದ ಶುರುಮಾಡುತ್ತಾರೆ. ಯಾವ ವರ್ಷ ಯಾರನ್ನು ಸೋಲಿಸಿದೆವು, ಪೆವಿಲಿಯನ್ನಿಗೆ ಅಡಿಗಲ್ಲು ಇಟ್ಟವರು ಯಾರು, ಸುವರ್ಣ ಮಹೋತ್ಸವಕ್ಕೆ ಬಂದ ಮಂತ್ರಿಗಳು ಯಾರು ಎನ್ನುವಷ್ಟಕ್ಕೆ ಸ್ಮರಣ ಸಂಚಿಕೆ ಮುಗಿಯುತ್ತದೆ. ಕ್ಲಬ್ಬಿನ ನಿಜವಾದ ಆಸ್ತಿ ಅದರ ನೆಲ. ಆ ನೆಲ ಯಾರ ಹೆಸರಿನಲ್ಲಿದೆ, ಅದನ್ನು ಯಾರು ದಿನವೂ ನೋಡಿಕೊಳ್ಳುತ್ತಾರೆ, ಇಂದು ಆಡಬಾರದೆಂದು ಹೇಳುವ ಅಧಿಕಾರ ಯಾರಿಗಿದೆ ಎಂಬ ಮೂರು ಪ್ರಶ್ನೆಗಳಿಗೆ ಈ ಸಂಚಿಕೆಗಳಲ್ಲಿ ಉತ್ತರ ಸಿಗುವುದಿಲ್ಲ. ಹಲವು ಆಟಗಳು ಒಂದೇ ಅಂಗಳವನ್ನು ಹಂಚಿಕೊಳ್ಳುವ ಕ್ಲಬ್ಬುಗಳು ಕೆಡುವುದು ಹಣದ ಕೊರತೆಗಿಂತ ಹೆಚ್ಚಾಗಿ ಈ ಪ್ರಶ್ನೆಗಳನ್ನು ಕೇಳದೇ ಇದ್ದುದರಿಂದ ಎಂಬುದು ಈ ಲೇಖನದ ವಾದ.

ನಮ್ಮ ನೆಲದಲ್ಲಿ ಇಂಥ ಕ್ಲಬ್ಬಿನ ಮೂಲರೂಪವನ್ನು ಬ್ರಿಟಿಷರ ಜಿಮಖಾನಾದಲ್ಲಿ ಹುಡುಕುವುದು ರೂಢಿ. ಅದಕ್ಕೂ ಮುಂಚೆ ಗರಡಿಮನೆ ಇತ್ತು. ಮೈಸೂರಿನ ಹಳೆಯ ಕೇರಿಗಳಲ್ಲಿ ಇಂದೂ ಉಳಿದಿರುವ ಗರಡಿಗಳಲ್ಲಿ ಕುಸ್ತಿ, ಸಾಮು, ದಂಡ-ಬಸ್ಕಿ ಎಲ್ಲವೂ ಒಂದೇ ಮಾಡಿನಡಿ ನಡೆಯುತ್ತವೆ. ಅಲ್ಲಿನ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ ಸೇರಿಸಿ ಹದ ಮಾಡುತ್ತಾರೆ. ಕುಸ್ತಿಗೆ ಇಳಿಯುವ ಮುನ್ನ ಮಣ್ಣನ್ನು ಅಗೆದು ಸಡಿಲಿಸುತ್ತಾರೆ. ಅಗೆಯುವವನು ಕೂಲಿಯಾಳಲ್ಲ, ಪೈಲ್ವಾನನೇ. ಗುದ್ದಲಿ ಎತ್ತುವುದೂ ಅವನ ಕಸರತ್ತಿನ ಭಾಗ. ನೆಲದ ಪಾಲನೆ ಮತ್ತು ಆಟ ಇಲ್ಲಿ ಬೇರೆಯಾಗಿಲ್ಲ. ಮಣ್ಣು ಗಟ್ಟಿಯಾಗಿದ್ದರೆ ಬೀಳುವವನಿಗೇ ಮೊದಲು ಗೊತ್ತಾಗುತ್ತದೆ, ಸರಿಪಡಿಸಬೇಕಾದವನೂ ಅವನೇ.

ಜಿಮಖಾನಾ ಇದನ್ನು ಎರಡಾಗಿ ಸೀಳಿತು. ಆಡುವವರು ಸದಸ್ಯರು, ನೆಲ ನೋಡಿಕೊಳ್ಳುವವರು ನೌಕರರು. ಈ ಸೀಳಿನ ಅತ್ಯಂತ ಸ್ಪಷ್ಟ ದಾಖಲೆ ಕನ್ನಡ ನಾಡಿನಲ್ಲಿ ಹುಟ್ಟಿದ ಒಬ್ಬ ಆಟಗಾರನ ಬದುಕಿನಲ್ಲಿದೆ. ಪಾಲ್ವಣಕರ ಬಾಳೂ 1876ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಅಸ್ಪೃಶ್ಯವೆನಿಸಿದ ಚಮ್ಮಾರ ಜಾತಿಯವರು. ಪುಣೆಯಲ್ಲಿ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬೊಂದರಲ್ಲಿ ತಿಂಗಳಿಗೆ ಮೂರು ರೂಪಾಯಿ ಸಂಬಳಕ್ಕೆ ಪಿಚ್ಚು ಗುಡಿಸಿ ರೋಲರ್ ಎಳೆಯುವ ಕೆಲಸಕ್ಕೆ ಸೇರಿದರು. ಸುಮಾರು 1892ರಲ್ಲಿ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದಾಗ ಸಂಬಳ ನಾಲ್ಕು ರೂಪಾಯಿ. ಪಿಚ್ಚಿಗೆ ಗೆರೆ ಹಾಕುವುದು, ನೆಟ್ ಕಟ್ಟುವುದು, ಬೇಕಾದಾಗ ಟೆನಿಸ್ ಅಂಕಣಕ್ಕೂ ಗೆರೆ ಎಳೆಯುವುದು ಅವರ ಕೆಲಸ. ಬಹುಕ್ರೀಡಾ ಕ್ಲಬ್ಬಿನ ಮೈದಾನ ನೌಕರನ ಉದ್ಯೋಗ ವಿವರಣೆ ಇಂದಿಗೂ ಬಹುಮಟ್ಟಿಗೆ ಇಷ್ಟೇ. ಅಲ್ಲಿನ ಬ್ಯಾಟ್ಸ್‌ಮನ್ ಗ್ರೇಗ್ ನೆಟ್ಟಿನಲ್ಲಿ ಅಭ್ಯಾಸಕ್ಕೆ ಇವರಿಂದ ಬೌಲ್ ಮಾಡಿಸಿಕೊಂಡರು. ಆ ಅಭ್ಯಾಸದಿಂದಲೇ ದೇಶದ ಮೊದಲ ದೊಡ್ಡ ಸ್ಪಿನ್ ಬೌಲರ್ ತಯಾರಾದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಬಾಳೂ ಪಡೆದ ವಿಕೆಟ್ಟುಗಳು 100ಕ್ಕೂ ಹೆಚ್ಚು. ಇತ್ತ ಪುಣೆಯ ಹಿಂದೂಗಳು ಅವರನ್ನು ತಂಡಕ್ಕೆ ಸೇರಿಸಿಕೊಂಡರೂ ಚಹಾ ಕೊಟ್ಟದ್ದು ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ತಂಡದ ನಾಯಕತ್ವ ಅವರಿಗೆ ಕೊನೆಗೂ ದಕ್ಕಲಿಲ್ಲ. 1923ರಲ್ಲಿ ತಮ್ಮ ವಿಠಲನಿಗೆ ದಕ್ಕಿತು.

ಬಾಳೂ ಅವರ ಕಥೆಯನ್ನು ಜಾತಿಯ ಚರಿತ್ರೆಯಾಗಿ ಇತಿಹಾಸಕಾರ ರಾಮಚಂದ್ರ ಗುಹಾ ವಿಸ್ತಾರವಾಗಿ ಬರೆದಿದ್ದಾರೆ. ಆಡಳಿತದ ದೃಷ್ಟಿಯಿಂದ ಅದರಲ್ಲಿ ಇನ್ನೊಂದು ಪಾಠವಿದೆ. ಪಿಚ್ಚನ್ನು ಅವರಷ್ಟು ಬಲ್ಲವರು ಆ ಕ್ಲಬ್ಬುಗಳಲ್ಲಿ ಯಾರೂ ಇದ್ದಿರಲಾರರು. ಪಿಚ್ಚಿನ ಬಗ್ಗೆ ತೀರ್ಮಾನ ತೆಗೆದುಕೊಳ್ಳುವ ಕೋಣೆಗೆ ಮಾತ್ರ ಅವರಿಗೆ ಪ್ರವೇಶವಿರಲಿಲ್ಲ. ಬಲ್ಲವನು ಹೊರಗೆ, ನಿರ್ಧರಿಸುವವರು ಒಳಗೆ ಎಂಬ ಈ ವ್ಯವಸ್ಥೆ ಸ್ವಾತಂತ್ರ್ಯದ ನಂತರವೂ ನಮ್ಮ ಕ್ಲಬ್ಬುಗಳ ನಿಯಮಾವಳಿಯಲ್ಲಿ ಹಾಗೆಯೇ ಮುಂದುವರಿದಿದೆ.

ಒಂದೇ ಹುಲ್ಲಿನ ಮೇಲೆ ಎರಡು ಆಟ ಆಡಿದಾಗ ಏನಾಗುತ್ತದೆ ಎಂಬುದಕ್ಕೆ ಮುಂಬಯಿ ಹಳೆಯ ಉದಾಹರಣೆ. 1875ರಲ್ಲಿ ಸ್ಥಾಪನೆಯಾದ ಬಾಂಬೆ ಜಿಮಖಾನಾಕ್ಕೆ ತನ್ನದೇ ಕ್ರಿಕೆಟ್ ಅಂಗಳವಿತ್ತು. ಅದರ ಸದಸ್ಯರು ಪೋಲೋ ಆಡಲು ಆರಿಸಿಕೊಂಡದ್ದು ಮಾತ್ರ ಭಾರತೀಯ ಹುಡುಗರು ಕ್ರಿಕೆಟ್ ಆಡುತ್ತಿದ್ದ ಬಯಲನ್ನು. ಕುದುರೆಯ ಗೊರಸು ಕಿತ್ತ ನೆಲದಲ್ಲಿ ಚೆಂಡು ನೆಟ್ಟಗೆ ಬರುವುದುಂಟೇ? 1880ರ ದಶಕದ ಆರಂಭದಲ್ಲಿ ಪಾರ್ಸಿ ಮತ್ತು ಹಿಂದೂ ಆಟಗಾರರು ಸರ್ಕಾರಕ್ಕೆ ಮನವಿಯ ಮೇಲೆ ಮನವಿ ಸಲ್ಲಿಸಿದರು. ಈ ಜಗಳವನ್ನು ಶಾಪೂರ್ಜಿ ಸೊರಾಬ್ಜಿ 1897ರಲ್ಲಿ ಪುಸ್ತಕವಾಗಿ ದಾಖಲಿಸಿದ್ದಾರೆ. ಜಗಳ ಕ್ರಮೇಣ ತಣ್ಣಗಾದದ್ದು ಸಮುದ್ರ ಹಿಂದಕ್ಕೆ ತಳ್ಳಿ ಪಡೆದ ಕೆನಡಿ ಸೀ ಫೇಸಿನ ನೆಲದಲ್ಲಿ ಪಾರ್ಸಿ, ಹಿಂದೂ, ಇಸ್ಲಾಂ ಜಿಮಖಾನಾಗಳಿಗೆ ಒಂದೊಂದು ತುಂಡು ಕೊಟ್ಟ ಮೇಲೆ. ನೆಲದ ಸಮಸ್ಯೆಗೆ ಧರ್ಮದ ಗೆರೆ ಎಳೆದು ಪರಿಹಾರ ಕಂಡುಕೊಂಡದ್ದರ ಫಲವಾಗಿ ಕೋಮುವಾರು ಪಂದ್ಯಾವಳಿ 1946ರವರೆಗೂ ನಡೆಯಿತು. ಬಯಲಿನ ವೇಳಾಪಟ್ಟಿಯೊಂದನ್ನು ನ್ಯಾಯವಾಗಿ ಮಾಡಿದ್ದರೆ ಇಷ್ಟು ದೂರ ಹೋಗಬೇಕಾಗಿರಲಿಲ್ಲವೆಂದು ನನಗನ್ನಿಸುತ್ತದೆ.

ಪೋಲೋ ಈಗ ನಮ್ಮ ಸಮಸ್ಯೆಯಲ್ಲ. ಕ್ರಿಕೆಟ್ ಮತ್ತು ಫುಟ್‌ಬಾಲಿನ ಜ್ಯಾಮಿತಿ ನಮ್ಮ ಸಮಸ್ಯೆ. ಇದನ್ನು ಲೆಕ್ಕ ಹಾಕಿ ನೋಡಬಹುದು. ಅಂತರರಾಷ್ಟ್ರೀಯ ಪುರುಷರ ಕ್ರಿಕೆಟ್ಟಿನಲ್ಲಿ ಬೌಂಡರಿ ಪಿಚ್ಚಿನ ಮಧ್ಯದಿಂದ 65ರಿಂದ 90 ಗಜದೊಳಗೆ ಇರಬೇಕು. ಊರಿನ ಕ್ಲಬ್ಬಿಗೆ 75 ಗಜ, ಅಂದರೆ 68.6 ಮೀಟರ್ ತ್ರಿಜ್ಯದ ವೃತ್ತವಿದೆ ಎಂದುಕೊಳ್ಳೋಣ. ವಿಸ್ತೀರ್ಣ ಸುಮಾರು 3.65 ಎಕರೆ. ನಡುವೆ ತಲಾ 10 ಅಡಿ ಅಗಲದ ಆರು ಪಿಚ್ಚುಗಳ ಚೌಕವಿದೆ. ಫುಟ್‌ಬಾಲ್ ನಿಯಮದ ಕನಿಷ್ಠ ಅಂಗಳ 90 ಮೀಟರ್ ಉದ್ದ, 45 ಮೀಟರ್ ಅಗಲ. ಚೌಕವನ್ನು ತುಳಿಯದೆ ಅದರ ಪಕ್ಕದಲ್ಲಿ 45 ಮೀಟರ್ ಅಗಲದ ಅಂಗಳ ಹಾಕಿದರೆ ಸಿಗುವ ಉದ್ದ 84 ಮೀಟರ್ ಮಾತ್ರ. ಎಂದರೆ ಕನಿಷ್ಠ ಅಳತೆಯ ಫುಟ್‌ಬಾಲ್ ಅಂಗಳಕ್ಕೂ ಇಲ್ಲಿ ಜಾಗವಿಲ್ಲ. ಒಂದೋ ಕ್ರಿಕೆಟ್ ಚೌಕದ ಮೇಲೆ ಬೂಟುಗಳು ಓಡಬೇಕು, ಇಲ್ಲವೇ ಫುಟ್‌ಬಾಲ್ ಮಕ್ಕಳ ಅಳತೆಗೆ ಕುಗ್ಗಬೇಕು. ಕಾರ್ಯಕಾರಿ ಸಮಿತಿಯಲ್ಲಿ ವರ್ಷಗಟ್ಟಲೆ ನಡೆಯುವ ಬಣ ಜಗಳದ ಮೂಲ ಎಷ್ಟೋ ಸಲ ಈ 6 ಮೀಟರ್ ಕೊರತೆಯಲ್ಲಿದೆ, ಯಾರ ಸ್ವಭಾವದಲ್ಲೂ ಅಲ್ಲ. ಹಾಕಿ ಈ ಜಗಳದಿಂದ ಎಂದೋ ಹೊರಬಿತ್ತು: 1976ರ ಮಾಂಟ್ರಿಯಲ್ ಒಲಿಂಪಿಕ್ಸಿನ ನಂತರ ಅದು ಕೃತಕ ಹಾಸಿನ ಆಟವಾಯಿತು, ಹುಲ್ಲಿನ ಅಂಗಳವಷ್ಟೇ ಇದ್ದ ಕ್ಲಬ್ಬುಗಳು ಅದನ್ನು ಕಳೆದುಕೊಂಡವು.

ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಹೊರಬೀಳುತ್ತದೆ. ಆ ವೃತ್ತದಲ್ಲಿ ಒಂದು ಹೊತ್ತಿಗೆ ಕ್ರಿಕೆಟ್ ಆಡುತ್ತಿರುವವರು 13 ಜನ. ತಲೆಗೆ 1,100 ಚದರ ಮೀಟರಿಗಿಂತ ಹೆಚ್ಚು ನೆಲ. 13×10 ಮೀಟರಿನ ಕಬಡ್ಡಿ ಅಂಕಣದಲ್ಲಿ 14 ಜನರಿಗೆ ತಲೆಗೆ 10 ಚದರ ಮೀಟರೂ ಇಲ್ಲ. 18×9 ಮೀಟರಿನ ವಾಲಿಬಾಲ್ ಅಂಕಣದ್ದೂ ಹತ್ತಿರಹತ್ತಿರ ಅದೇ ಕಥೆ. ಬೌಂಡರಿಯ ಹೊರಗಿನ ಮೂಲೆಗಳಲ್ಲಿ, ಕಾರು ನಿಲ್ಲಿಸುವ ಜಾಗದಲ್ಲಿ ಇಂಥ ನಾಲ್ಕು ಅಂಕಣ ಹಾಕಿದರೆ ಕ್ಲಬ್ಬಿಗೆ ಬರುವ ಹುಡುಗ ಹುಡುಗಿಯರ ಸಂಖ್ಯೆ ಇಮ್ಮಡಿಯಾಗಬಹುದು. ಹೆಣ್ಣುಮಕ್ಕಳಿಗೆ ಮೈದಾನದಲ್ಲಿ ಸಮಯ ಸಿಗುವುದಿಲ್ಲವೆಂಬ ನ್ಯಾಯವಾದ ದೂರಿಗೆ ಅತಿ ಅಗ್ಗದ ಪರಿಹಾರ ಇದು. ಆದರೂ ಸುಧಾರಣೆ ಎಂದೊಡನೆ ಸಮಿತಿಗಳಿಗೆ ಹೊಳೆಯುವುದು ಗ್ಯಾಲರಿ, ಫ್ಲಡ್‌ಲೈಟ್, ದಾನಿಗಳ ಹೆಸರಿನ ಕಮಾನು.

ಹುಲ್ಲಿನ ವಿಷಯಕ್ಕೆ ಬರೋಣ. ನಮ್ಮ ಮೈದಾನಗಳ ನೆಚ್ಚಿನ ಹುಲ್ಲು ಗಣಪತಿಗೆ ಏರಿಸುವ ಗರಿಕೆಯೇ. ನೆಲದ ಮೇಲೂ ಒಳಗೂ ಬಳ್ಳಿಯಂತೆ ಹಬ್ಬುವುದರಿಂದ ಗಾಯವನ್ನು ತಾನೇ ಮುಚ್ಚಿಕೊಳ್ಳುವ ಶಕ್ತಿ ಅದಕ್ಕಿದೆ. ಬಿಸಿಲು, ನೀರು, ಬಿಡುವು ಸಿಕ್ಕರೆ ಮಾತ್ರ. ನೆರಳಿಗೆ ಅದು ಆಗದು, ಚಳಿಯಲ್ಲಿ ನಿಧಾನಿಸುತ್ತದೆ. ಬೆಂಗಳೂರಿನಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಕ್ಲಬ್ಬಿಗೆ ಹೆಚ್ಚು ದುಡ್ಡು ಬರುವುದು ಏಪ್ರಿಲ್ ಮೇ ತಿಂಗಳ ಬೇಸಿಗೆ ಶಿಬಿರಗಳಿಂದ. ಎಂದರೆ ಹುಲ್ಲಿಗೆ ನೀರಿಲ್ಲದ ಹೊತ್ತಿನಲ್ಲೇ ನೂರಾರು ಮಕ್ಕಳ ಕಾಲ್ತುಳಿತ, ಅದು ಚಿಗುರುವ ಹೊತ್ತಿಗೆ ಒದ್ದೆ ನೆಲದ ಮೇಲೆ ಲೀಗ್ ಪಂದ್ಯಗಳು. ಒದ್ದೆಯಾದ ಜೇಡಿಯ ಮೇಲೆ ಆಡಿದಾಗ ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗ ಮುಚ್ಚಿಹೋಗುತ್ತದೆ. ಬೇರು ಆಳಕ್ಕೆ ಇಳಿಯದು, ಮರುಮಳೆಯ ನೀರು ಮೇಲೆಯೇ ನಿಲ್ಲುತ್ತದೆ. ಹುಬ್ಬಳ್ಳಿ ಧಾರವಾಡದ ಎರೆಮಣ್ಣಿನಲ್ಲಿ ಇದು ಇನ್ನೂ ಕಷ್ಟ: ಉಬ್ಬಿ, ಒಣಗಿ, ಬಿರಿಯುವುದು ಅದರ ಗುಣ. ಅದೇ ಜೇಡಿ ಪಿಚ್ಚಿಗೆ ವರ, ಹೊರಾಂಗಣಕ್ಕೆ ಶಾಪ.

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಲ್ಲಿ ನೆಲದಡಿಯಿಂದ ನೀರು ಹೀರಿ ತೆಗೆಯುವ ಸಬ್‌ಏರ್ ವ್ಯವಸ್ಥೆ ಅಳವಡಿಸಿದರು. ಊರಿನ ಕ್ಲಬ್ಬಿಗೆ ಅದು ಎಟುಕದು, ಬೇಕಾಗಿಯೂ ಇಲ್ಲ. ಸರಿಯಾದ ಇಳಿಜಾರು, ಸುತ್ತ ಕಾಲುವೆ, ಮುಳ್ಳುರೋಲರಿನಿಂದ ನೆಲ ಚುಚ್ಚುವುದು, ಮೇಲೆ ಮರಳು ಹರಡುವುದು, ಗೋಲ್‌ಪೋಸ್ಟನ್ನು ಆಗಾಗ ಜರುಗಿಸುವುದು ಇಷ್ಟರಿಂದಲೇ ದೊಡ್ಡ ವ್ಯತ್ಯಾಸವಾಗುತ್ತದೆ. ನೀರಿನ ಮಾತಿಗೆ, 2024ರ ಮಾರ್ಚಿನ ಬರದಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದಿತು. ಆಗ ಚಿನ್ನಸ್ವಾಮಿ ಅಂಗಳಕ್ಕೆ ಕಬ್ಬನ್ ಪಾರ್ಕ್ ಘಟಕದ ಸಂಸ್ಕರಿಸಿದ ನೀರನ್ನು ಒದಗಿಸಿದರು. ಸಂಸ್ಕರಿಸಿದ ನೀರಿನ ಒಪ್ಪಂದ ಈಗ ಪ್ರತಿ ನಗರ ಕ್ಲಬ್ಬಿನ ಕಡತದಲ್ಲಿರಬೇಕಾದ ಕಾಗದ.

ಇಷ್ಟು ಸರಳವಾದ ಕೆಲಸ ಏಕೆ ನಡೆಯುವುದಿಲ್ಲ? ಒಡೆತನ ಇದಕ್ಕೆ ಒಂದು ಕಾರಣ. ಗುತ್ತಿಗೆ ಯಾವಾಗ ಮುಗಿಯುತ್ತದೋ ತಿಳಿಯದ ನೆಲದಡಿ ಕೊಳವೆ ಹೂಳಲು ಯಾವ ಖಜಾಂಚಿಯೂ ಒಪ್ಪುವುದಿಲ್ಲ. ಕರ್ನಾಟಕದಲ್ಲಿ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳನ್ನು ಕಾಪಾಡಲು 1985ರ ಕಾಯ್ದೆಯಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದು ಅಕ್ರಮವೆಂದು 1991ರಲ್ಲಿ ಮುದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೋರ್ಟಿಗೆ ಹೋದವರು ಆ ಬಡಾವಣೆಯ ನಿವಾಸಿಗಳು. ಬಯಲು ಬಯಲಾಗಿಯೇ ಉಳಿಯಬೇಕೆಂದು ಕಾನೂನು ಹೇಳಬಲ್ಲದು. ಅದನ್ನು ಯಾರು, ಎಷ್ಟು ಕಾಲ ಸಾಕಬೇಕು ಎಂಬುದನ್ನು ಊರು ಮತ್ತು ಕ್ಲಬ್ಬು ಒಪ್ಪಂದದಲ್ಲಿ ಬರೆದುಕೊಳ್ಳಬೇಕು.

ಇನ್ನೊಂದು ಕಾರಣ ತೆರಿಗೆ ಕಾನೂನು ಕ್ಲಬ್ಬಿನ ಮುಂದಿಡುವ ಇಕ್ಕಟ್ಟು. ಸದಸ್ಯರು ತಮಗಾಗಿ ತಾವೇ ಕೂಡಿಸಿದ ಹಣಕ್ಕೆ ತೆರಿಗೆಯಿಲ್ಲ ಎಂಬ ಪರಸ್ಪರತೆಯ ತತ್ವ ಹಳೆಯದು. ಸದಸ್ಯ ಬ್ಯಾಂಕುಗಳಲ್ಲಿ ಇಟ್ಟ ಠೇವಣಿಯ ಬಡ್ಡಿಗೆ ಅದು ಅನ್ವಯಿಸದೆಂದು 2013ರಲ್ಲಿ ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸದಸ್ಯರಿಗೆ ಕೊಟ್ಟ ಸೇವೆ ಮಾರಾಟವಲ್ಲವೆಂದು 2019ರ ಕಲ್ಕತ್ತಾ ಕ್ಲಬ್ ತೀರ್ಪು ಸಮಾಧಾನ ಕೊಟ್ಟಿತು. 2021ರ ಹಣಕಾಸು ಕಾಯ್ದೆ ಅದನ್ನು ಬದಿಗೆ ಸರಿಸಿ ಜಿಎಸ್‌ಟಿಯನ್ನು 2017ರ ಜುಲೈಯಿಂದಲೇ ಪೂರ್ವಾನ್ವಯಗೊಳಿಸಿತು. ಇತ್ತ ಕ್ರೀಡೆಯ ಪ್ರೋತ್ಸಾಹ ಧರ್ಮಾರ್ಥ ಕಾರ್ಯವೆಂದು 1984ರಲ್ಲೇ ಆದಾಯ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿದೆ, ಆದರೆ ಅದು ಊರಿಗೆ ತೆರೆದ ಸಂಸ್ಥೆಗೆ. ಬಾಗಿಲು ಮುಚ್ಚಿದರೆ ಒಂದು ಬಗೆಯ ರಿಯಾಯಿತಿ, ತೆರೆದರೆ ಇನ್ನೊಂದು. ಅರ್ಧ ತೆರೆದಿಟ್ಟವರಿಗೆ ಎರಡೂ ಕಷ್ಟ. ನಮ್ಮ ಬಹುತೇಕ ಕ್ಲಬ್ಬುಗಳು ಅರ್ಧ ತೆರೆದ ಬಾಗಿಲಿನವು. ಕಂಪನಿಗಳ ಸಾಮಾಜಿಕ ಹೊಣೆಯ ಹಣವೂ 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯ ಪ್ರಕಾರ ಕ್ರೀಡೆಯ ಮಟ್ಟಿಗೆ ತರಬೇತಿಗೆ ಮೀಸಲು. ಅದರ ಪದಗಳಲ್ಲಿ ಕೋಚ್ ಇದ್ದಾನೆ, ಮಾಲಿ ಇಲ್ಲ.

ಐರ್ಲೆಂಡಿನ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಬೇರೆ ದಾರಿ ಹಿಡಿಯಿತು. 1884ರ ನವೆಂಬರ್ 1ರಂದು ಥರ್ಲ್ಸ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಈ ಸಂಸ್ಥೆಯ ಕ್ಲಬ್ಬುಗಳು ಚರ್ಚಿನ ಪ್ಯಾರಿಷ್‌ಗೆ ಒಂದರಂತೆ ಬೆಳೆದವು. ಆಟಗಾರರಿಗೆ ಸಂಬಳವಿಲ್ಲ, ಬಹುಪಾಲು ಕೆಲಸ ಸ್ವಯಂಸೇವಕರದು. ಮೈದಾನಗಳನ್ನು ಧರ್ಮದರ್ಶಿಗಳ ಹೆಸರಿನಲ್ಲಿಟ್ಟು, ಮೇಲಿನ ಸಮಿತಿಯ ಒಪ್ಪಿಗೆಯಿಲ್ಲದೆ ಪರಭಾರೆ ಮಾಡದಂತೆ ನಿಯಮ ಮಾಡಿಕೊಂಡರು. ಕೋಲು-ಚೆಂಡಿನ ಆಟ ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್ ಎರಡಕ್ಕೂ ಅಂಗಳದ ಅಳತೆ ಒಂದೇ: ಉದ್ದ 130ರಿಂದ 145, ಅಗಲ 80ರಿಂದ 90 ಮೀಟರ್. ನಡುವೆ ಕಾಯಬೇಕಾದ ಚೌಕ ಇಲ್ಲದ್ದರಿಂದ ನಮ್ಮ ಜ್ಯಾಮಿತಿ ಅವರನ್ನು ಕಾಡಲಿಲ್ಲ. ಅಲ್ಲಿಯೂ ಕುಂದುಗಳಿವೆ. ರಗ್ಬಿ, ಸಾಕರಿಗೆ ಸಂಸ್ಥೆಯ ಮುಖ್ಯ ಕ್ರೀಡಾಂಗಣವಾದ ಕ್ರೋಕ್ ಪಾರ್ಕ್ ತೆರೆಯಲು 2005ರವರೆಗೆ ಕಾಯಬೇಕಾಯಿತು. ಮಹಿಳೆಯರ ಕಮೋಗಿ 1904ರಿಂದ, ಫುಟ್‌ಬಾಲ್ 1974ರಿಂದ ಪ್ರತ್ಯೇಕ ಸಂಸ್ಥೆಗಳಾಗಿಯೇ ಉಳಿದು, ಒಂದೇ ಮೈದಾನಕ್ಕೆ ಬೇರೆ ಸಾಲಿನಲ್ಲಿ ನಿಲ್ಲಬೇಕಾಯಿತು. ಆದರೂ ನೆಲ ಕೈಬಿಟ್ಟು ಹೋಗದೆಂಬ ಭರವಸೆಯಿದ್ದುದರಿಂದ ಅವರು ಮುಂದಿನ ತಲೆಮಾರಿಗೆ ಹಣ ಹೂಡಬಲ್ಲವರಾದರು.

ಅದನ್ನು ಹಾಗೆಯೇ ಇಲ್ಲಿಗೆ ತರಲಾಗದು. ನಗರದ ನೆಲದ ಬೆಲೆಗೆ ಯಾವ ಕ್ಲಬ್ಬೂ ಮೈದಾನ ಕೊಳ್ಳಲಾರದು. ಆಗಬಹುದಾದದ್ದು ನಿಯಮಾವಳಿಯ ತಿದ್ದುಪಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನಡೆಯುವ ಕ್ಲಬ್ಬುಗಳು ಪ್ರತಿವರ್ಷ ಮಹಾಸಭೆ ಕರೆದು ಲೆಕ್ಕಪತ್ರ ಮಂಡಿಸುತ್ತವೆ. ಅದೇ ವರದಿಯಲ್ಲಿ ಮೈದಾನದ ಲೆಕ್ಕವೂ ಇರಲಿ: ಯಾವ ಆಟಕ್ಕೆ ಎಷ್ಟು ಗಂಟೆ, ಗಂಡುಮಕ್ಕಳಿಗೆಷ್ಟು, ಹೆಣ್ಣುಮಕ್ಕಳಿಗೆಷ್ಟು, ನೆಲಕ್ಕೆ ಬಿಡುವು ಎಷ್ಟು ದಿನ. ಹಿರಿಯ ಮೈದಾನ ನೌಕರನಿಗೆ ಮೈದಾನ ಉಪಸಮಿತಿಯಲ್ಲಿ ಮತ ಇರಲಿ. ಮಳೆ ಬಿದ್ದ ಬೆಳಿಗ್ಗೆ ಅಂಗಳ ಮುಚ್ಚುವ ಅಧಿಕಾರ ಕಾರ್ಯದರ್ಶಿಯ ಫೋನಿಗೆ ಕಾಯದೆ ಅವನ ಕೈಯಲ್ಲೇ ಇರಲಿ. ಇದಕ್ಕೆ ಸರ್ಕಾರದ ಅನುದಾನ ಬೇಡ, ಕೋರ್ಟಿನ ತೀರ್ಪೂ ಬೇಡ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿ ಎಂದು ಕ್ಲಬ್ಬುಗಳ ಪದಾಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ.