ಆಯ್ಕೆಯಲ್ಲಿ ಸಂದರ್ಭ ಪರಿಣಾಮ

ಎದುರಿಗಿರುವ ಪರ್ಯಾಯಗಳ ಸಾಲಿಗೆ ಹೊಸದೊಂದು ಸೇರಿದಾಗ ಮೊದಲಿದ್ದವುಗಳ ನಡುವಿನ ಒಲವೇ ಬದಲಾಗುವುದನ್ನು ಮನೋವಿಜ್ಞಾನದಲ್ಲಿ ಸಂದರ್ಭ ಪರಿಣಾಮವೆಂದು ಕರೆಯುತ್ತಾರೆ. ಇದರ ಅಧ್ಯಯನ ಬೆಳೆದದ್ದು ಇಂಥ ಬದಲಾವಣೆಗೆ ಎಡೆಯನ್ನೇ ಕೊಡದ ಸಿದ್ಧಾಂತವೊಂದನ್ನು ಎದುರಿಸುತ್ತ. ಅಮೆರಿಕದ ಡಂಕನ್ ಲ್ಯೂಸ್ 1959ರಲ್ಲಿ, ಎರಡು ವಸ್ತುಗಳನ್ನು ಆರಿಸುವ ಸಂಭವನೀಯತೆಗಳ ಅನುಪಾತವು ಮೂರನೆಯದು ಇದ್ದರೂ ಇಲ್ಲದಿದ್ದರೂ ಒಂದೇ ಆಗಿರುತ್ತದೆಂಬ ನಿಯಮವನ್ನು ಮಂಡಿಸಿದರು. ಮರುವರ್ಷವೇ ಅರ್ಥಶಾಸ್ತ್ರಜ್ಞ ಜೆರಾರ್ಡ್ ಡೆಬ್ರೂ, ಬೀಥೋವನ್‌ನ ಒಂದೇ ಸಿಂಫನಿಯ ಎರಡು ಧ್ವನಿಮುದ್ರಿಕೆಗಳು ಪರಸ್ಪರರ ಪಾಲನ್ನು ಹಂಚಿಕೊಳ್ಳುತ್ತವೆಯೇ ಹೊರತು ಪಕ್ಕದಲ್ಲಿರುವ ಡೆಬ್ಯುಸಿಯ ಮುದ್ರಿಕೆಯ ಪಾಲನ್ನು ಅಷ್ಟಾಗಿ ಕಸಿಯುವುದಿಲ್ಲವೆಂದು ತೋರಿಸಿ ಅದನ್ನು ಪ್ರಶ್ನಿಸಿದರು. ಈ ಸಾಮ್ಯ ಪರಿಣಾಮಕ್ಕೆ 1972ರಲ್ಲಿ ವಿವರಣೆಯೊಂದನ್ನು ಒದಗಿಸಿದವರು ಏಮೊಸ್ ಟ್ವೆರ್ಸ್ಕಿ. ಜನರು ಒಂದೊಂದೇ ಗುಣವನ್ನು ಹಿಡಿದು, ಅದಿಲ್ಲದ ಪರ್ಯಾಯಗಳನ್ನು ಕೈಬಿಡುತ್ತ ಹೋಗುತ್ತಾರೆಂಬುದು ಅವರ ವಾದ.

ಆದರೆ ಹೊಸ ವಸ್ತು ಹಳೆಯದರ ಪಾಲನ್ನು ಕಡಿಮೆ ಮಾಡಬಹುದೇ ವಿನಾ ಹೆಚ್ಚಿಸಲಾರದೆಂಬ ನಂಬಿಕೆ ಹಾಗೆಯೇ ಉಳಿದಿತ್ತು. ಜೋಯೆಲ್ ಹ್ಯೂಬರ್, ಜಾನ್ ಪೇನ್ ಮತ್ತು ಕ್ರಿಸ್ಟೊಫರ್ ಪ್ಯೂಟೊ 1982ರಲ್ಲಿ ಬಿಯರ್, ಕಾರು, ಉಪಾಹಾರಗೃಹ ಮೊದಲಾದವುಗಳ ಆಯ್ಕೆಯನ್ನು ಪರೀಕ್ಷಿಸಿ, ಒಂದು ಪರ್ಯಾಯಕ್ಕಿಂತ ಸ್ಪಷ್ಟವಾಗಿ ಕೀಳಾದ, ಇನ್ನೊಂದಕ್ಕಿಂತ ಹಾಗಲ್ಲದ ಮೂರನೆಯದನ್ನು ಸೇರಿಸಿದರೆ ಮೊದಲಿನದರ ಪಾಲು ಏರುತ್ತದೆಂದು ಕಂಡುಕೊಂಡರು. ಇದೇ ಆಕರ್ಷಣ ಪರಿಣಾಮ. ಯಾರೂ ಕೊಳ್ಳದ ವಸ್ತುವೂ ಕೊಳ್ಳುವವರ ನಿರ್ಧಾರವನ್ನು ತಿರುಗಿಸಬಲ್ಲದೆಂಬ ಈ ಫಲಿತಾಂಶ, ಒಲವುಗಳು ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿರುತ್ತವೆಂಬ ಕಲ್ಪನೆಗೆ ಬಿದ್ದ ಬಹುದೊಡ್ಡ ಪೆಟ್ಟು.

ಇಟಾಮಾರ್ ಸೈಮನ್‌ಸನ್ 1989ರಲ್ಲಿ ರಾಜಿ ಪರಿಣಾಮವನ್ನು, ಅಂದರೆ ಎರಡು ತುದಿಗಳ ನಡುವೆ ಬಿದ್ದ ಪರ್ಯಾಯಕ್ಕೆ ದೊರೆಯುವ ಹೆಚ್ಚುವರಿ ಒಲವನ್ನು, ವಿವರಿಸಿದರು. ಅವರೂ ಟ್ವೆರ್ಸ್ಕಿಯೂ 1992ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಸುಮಾರು 170 ಮತ್ತು 240 ಡಾಲರ್ ಬೆಲೆಯ ಎರಡು ಕ್ಯಾಮೆರಾಗಳು ಸಮಸಮವಾಗಿ ಆಯ್ಕೆಯಾಗಿದ್ದವು. ಸುಮಾರು 470 ಡಾಲರಿನ ಮೂರನೆಯದನ್ನೂ ಮುಂದಿಟ್ಟಾಗ ನಡುವಿನದನ್ನು ಶೇ. 57ರಷ್ಟು ಜನ ಆರಿಸಿದರೆ, ಅಗ್ಗದ್ದರ ಪಾಲು ಶೇ. 22ಕ್ಕೆ ಕುಸಿಯಿತು. ಆಯ್ಕೆಗೆ ತಮಗೂ ಇತರರಿಗೂ ಒಪ್ಪುವ ಕಾರಣ ಬೇಕೆಂಬ ತುಡಿತವೇ ಇದರ ಹಿಂದಿದೆ ಎಂಬುದು ಸೈಮನ್‌ಸನ್ ಕೊಟ್ಟ ವಿವರಣೆ. ಅದು ಮನುಷ್ಯರ ಮಟ್ಟಿಗೆ ಒಪ್ಪತಕ್ಕದ್ದಾದರೂ ಪೂರ್ಣವೆನ್ನಲಾಗದು, ಏಕೆಂದರೆ 2002ರಲ್ಲಿ ಜೇನುನೊಣಗಳಲ್ಲಿ, 2011ರಲ್ಲಿ ಮಿದುಳೇ ಇಲ್ಲದ ಲೋಳೆಬೂಷ್ಟಿನಲ್ಲಿ ಕೂಡ ಮೂರನೆಯ ಪರ್ಯಾಯದ ಪ್ರಭಾವ ಕಂಡುಬಂದಿತು.

ಆಕರ್ಷಣ ಪರಿಣಾಮದ ವ್ಯಾಪ್ತಿಯ ಬಗ್ಗೆ ಗಂಭೀರ ವಿವಾದ ಎದ್ದದ್ದು 2014ರಲ್ಲಿ. ಶೇನ್ ಫ್ರೆಡರಿಕ್ ಮತ್ತು ಸಂಗಡಿಗರು, ವಸ್ತುಗಳ ಗುಣಗಳನ್ನು ಅಂಕಿಗಳಲ್ಲಿ ಕೊಡದೆ ಚಿತ್ರದಲ್ಲಿ ತೋರಿಸಿದಾಗ ಅಥವಾ ರುಚಿ ನೋಡಲು ಬಿಟ್ಟಾಗ ಆಕರ್ಷಣ ಪರಿಣಾಮ ಕಾಣಿಸುವುದು ಅಪರೂಪವೆಂದು ವರದಿ ಮಾಡಿದರು. ಹ್ಯೂಬರ್, ಪೇನ್ ಮತ್ತು ಪ್ಯೂಟೊ ಅದೇ ವರ್ಷ ಉತ್ತರಿಸಿ, ಆ ಪರಿಣಾಮ ಯಾವ ಸ್ಥಿತಿಗಳಲ್ಲಿ ಮೂಡಬಹುದು, ಯಾವುವುಗಳಲ್ಲಿ ಮೂಡದು ಎಂಬುದನ್ನು ಬಿಡಿಸಿ ಹೇಳಿದರು.