ಅಮರ್ಜಾ ನೀರಿನಲ್ಲಿ ಕಣ್ಣಿಗೆ ಬೀಳದ್ದು

ಆಳಂದ ತಾಲ್ಲೂಕಿನ ಕೋರಳ್ಳಿ ಬಳಿಯ ಅಣೆಕಟ್ಟೆಯಲ್ಲಿ ನಿಂತಿರುವುದು ಅಮರ್ಜಾ ನದಿಯ ನೀರು. ಈ ಹೊಳೆ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಜೇವರ್ಗಿಯತ್ತ ಹರಿಯುತ್ತಾಳೆ. ಇದೆಲ್ಲ ತೊಗರಿ ಬೆಳೆಯುವ ಸೀಮೆ. ಕಾಯಿಕೊರಕ ಹುಳುವಿಗೆಂದು ಹೊಡೆದ ಔಷಧದ ಒಂದಂಶ ಮಳೆಗೆ ತೊಳೆದು ಎರೆಹೊಲದಿಂದ ಹಳ್ಳಕ್ಕೆ ಇಳಿಯಬಲ್ಲದು. ಅಷ್ಟು ಕಡಿಮೆ ಪ್ರಮಾಣ ಕಣ್ಣಿಗೂ ನಾಲಿಗೆಗೂ ತಿಳಿಯದು.

ಅದನ್ನು ಹಿಡಿಯುವುದು ಅಣುಗಳನ್ನು ತೂಕದಿಂದ ಗುರುತಿಸುವ ಉಪಕರಣ, ಮಾಸ್ ಸ್ಪೆಕ್ಟ್ರೋಮೀಟರ್. ನೀರಿನ ಮಾದರಿಯನ್ನು ಕಂದು ಗಾಜಿನ ಬಾಟಲಿಯಲ್ಲೇ ತುಂಬಬೇಕು. ಪ್ಲಾಸ್ಟಿಕ್ ತಾನೇ ರಾಸಾಯನಿಕ ಬಿಡುವುದುಂಟು. 1 ಲೀಟರ್ ನೀರಿನಲ್ಲಿರುವ ಸಾವಯವ ವಸ್ತುಗಳನ್ನು ಹೀರಿಕೊಂಡು 1 ಮಿಲಿಲೀಟರ್ ದ್ರಾವಕಕ್ಕೆ ಇಳಿಸಿದರೆ ಅವು ಸಾವಿರ ಪಟ್ಟು ಸಾಂದ್ರವಾಗುತ್ತವೆ. ಬಳಿಕ ಕ್ರೊಮ್ಯಾಟೊಗ್ರಫಿಯ ನೀಳ ಕೊಳವೆಯಲ್ಲಿ ಒಂದೊಂದಾಗಿ ಬೇರ್ಪಟ್ಟು, ವಿದ್ಯುದಾವೇಶ ಪಡೆದು ಚೂರಾಗುತ್ತವೆ. ಆ ಚೂರುಗಳ ತೂಕವೇ ಅಣುವಿನ ಗುರುತು. ಕ್ಲೋರಿನ್ ಇರುವ ಅಣುವಂತೂ ಬೇಗ ಸಿಕ್ಕಿಬೀಳುತ್ತದೆ: ಕ್ಲೋರಿನ್ ಪರಮಾಣುಗಳಲ್ಲಿ 35 ಮತ್ತು 37 ತೂಕದವು ಸುಮಾರು 3:1ರ ಪ್ರಮಾಣದಲ್ಲಿರುವುದರಿಂದ ಎರಡೆರಡು ಅಂತರದ ಗೆರೆಗಳು ಮೂಡುತ್ತವೆ. ಕೀಟನಾಶಕಗಳ ಪೈಕಿ ಕ್ಲೋರ್‌ಪೈರಿಫಾಸ್‌ನಲ್ಲಿ ಅಂಥ ಮೂರು ಪರಮಾಣು, ಎಂಡೋಸಲ್ಫಾನ್‌ನಲ್ಲಿ ಆರು.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ ಮೊನೊಕ್ರೊಟೊಫಾಸ್ ಎಂಬ ಇನ್ನೊಂದು ಕೀಟನಾಶಕ 1 ಮೈಕ್ರೊಗ್ರಾಂ, ಎಂಡೋಸಲ್ಫಾನ್ 0.4 ಮೈಕ್ರೊಗ್ರಾಂ ಮೀರಬಾರದು. ಅಂದರೆ ಒಂದೇ ಗ್ರಾಂ ಎಂಡೋಸಲ್ಫಾನ್ 25 ಲಕ್ಷ ಲೀಟರ್ ನೀರನ್ನು ಮಿತಿಯ ಅಂಚಿಗೆ ತರಬಲ್ಲದು. ಸುಪ್ರೀಂ ಕೋರ್ಟ್ 2011ರಲ್ಲೇ ಎಂಡೋಸಲ್ಫಾನನ್ನು ನಿಷೇಧಿಸಿತು. ಆದರೆ ಅದು ಮಣ್ಣಿನಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗಿ ಬದಲಾಗಿ ಬಹುಕಾಲ ಉಳಿಯುತ್ತದೆ. ಅಣೆಕಟ್ಟೆಯ ನೀರಿನ ಜೊತೆಗೆ ತಳದ ಹೂಳನ್ನೂ ಪರೀಕ್ಷಿಸಬೇಕಾದುದು ಇದಕ್ಕಾಗಿಯೇ.