ಜೀವಕೋಶದ ಸಾವಿನಲ್ಲಿ ಕೊಬ್ಬಿನ ಕೈವಾಡ

ಜೀವಕೋಶಗಳು ಹೇಗೆ ಸಾಯುತ್ತವೆ ಎಂದು ಹುಡುಕುತ್ತಿದ್ದವರಿಗೆ 1993ರಲ್ಲಿ ಎರಡು ಸುಳಿವು ಸಿಕ್ಕವು. ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ಹಾರ್ವಿಟ್ಸ್ ತಂಡ, ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನ ಸಾವಿನ ಜೀನ್‌ಗೂ ಮನುಷ್ಯನಲ್ಲಿರುವ, ಪ್ರೋಟೀನು ಕತ್ತರಿಸುವ ಕಿಣ್ವವೊಂದಕ್ಕೂ ನಂಟಿದೆ ಎಂದು ತೋರಿಸಿತು. ಅದೇ ವರ್ಷ ಡ್ಯೂಕ್ ವಿಶ್ವವಿದ್ಯಾಲಯದ ಯೂಸುಫ್ ಹನ್ನುನ್ ಮತ್ತು ಸಂಗಡಿಗರು, ಸೆರಮೈಡ್ ಎಂಬ ಕೊಬ್ಬಿನ ಅಣುವೂ ಕೋಶವನ್ನು ಸಾವಿಗೆ ದೂಡಬಲ್ಲದು ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಮೊದಲನೆಯದು 2002ರ ನೊಬೆಲ್‌ವರೆಗೆ ನಡೆಯಿತು. ಎರಡನೆಯದು ವಿವಾದಕ್ಕೆ ಸಿಕ್ಕಿತು.

ಕೊಬ್ಬಿನ ಮಾತನ್ನು ಜನ ಸುಲಭಕ್ಕೆ ನಂಬದಿರಲು ಕಾರಣವಿತ್ತು. ಲಂಡನ್ನಿನಲ್ಲಿ ನೆಲೆಸಿದ್ದ ಜರ್ಮನ್ ವೈದ್ಯ ಥೂಡಿಕಮ್ ಮಿದುಳಿನ ರಾಸಾಯನಿಕ ರಚನೆಯ ಕುರಿತ ತನ್ನ 1884ರ ಗ್ರಂಥದಲ್ಲಿ, ಸೆರಮೈಡ್ ಸೇರುವ ಸ್ಫಿಂಗೋಸಿನ್ ಕುಲದ ಲಿಪಿಡ್‌ಗಳನ್ನು, ಅಂದರೆ ಕೊಬ್ಬಿನ ಅಣುಗಳನ್ನು ವಿವರಿಸಿದ್ದ. ಆಮೇಲಿನ ಸುಮಾರು ನೂರು ವರ್ಷ ಅವುಗಳಿಗೆ ಕೋಶಪೊರೆಯ ಕಟ್ಟಡ ಸಾಮಗ್ರಿ ಎಂಬುದಕ್ಕಿಂತ ಹೆಚ್ಚಿನ ಮರ್ಯಾದೆ ಸಿಗಲಿಲ್ಲ. 1972ರಲ್ಲಿ ಕೆರ್, ವೈಲಿ ಮತ್ತು ಕರಿ ‘ಅಪೊಪ್ಟೋಸಿಸ್’ ಎಂಬ ಹೆಸರಿನಡಿ, ಕೋಶ ಕುಗ್ಗಿ, ತುಂಡಾಗಿ, ನೆರೆಯ ಕೋಶಗಳ ಪಾಲಾಗುವ ಬಗೆಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡಂತೆ ಬರೆದರು. ಹೀಗೆ ಸಾಯುವ ಆಜ್ಞೆ ಎಲ್ಲಿಂದ ಬರುತ್ತದೆ ಎಂಬುದು ಆಗ ಗೊತ್ತಿರಲಿಲ್ಲ.

ಬಾಗಿಲು ತೆರೆದದ್ದು 1986ರಲ್ಲಿ. ಕೋಶದ ಮುಖ್ಯ ಸಂಕೇತವಾಹಕಗಳಲ್ಲಿ ಒಂದಾದ ಪ್ರೋಟೀನ್ ಕೈನೇಸ್-ಸಿ ಕಿಣ್ವವನ್ನು ಸ್ಫಿಂಗೋಸಿನ್ ತಡೆಯುತ್ತದೆ ಎಂದು ಹನ್ನುನ್ ಮತ್ತು ರಾಬರ್ಟ್ ಬೆಲ್ ಅವರ ಗುಂಪು ಕಂಡಿತು. ಮೂರು ವರ್ಷಗಳ ನಂತರ ರಕ್ತಕ್ಯಾನ್ಸರಿನ ಕೋಶಗಳಿಗೆ ವಿಟಮಿನ್ ಡಿ-3 ಕೊಟ್ಟಾಗ, ಪೊರೆಯಲ್ಲಿದ್ದ, ಅದೇ ಕುಲದ ಸ್ಫಿಂಗೊಮೈಲಿನ್ ಕೆಲವೇ ಗಂಟೆಗಳಲ್ಲಿ ಒಡೆದು ಮತ್ತೆ ಕೂಡಿಕೊಂಡಿತು. ಬರೀ ಇಟ್ಟಿಗೆಯಾಗಿದ್ದರೆ ಹೀಗೆ ಹೊತ್ತುಹೊತ್ತಿಗೆ ಒಡೆದು ಕೂಡುವ ಅಗತ್ಯವೇನಿತ್ತು? ಸ್ಫಿಂಗೊಮೈಲಿನ್ ಒಡೆದಾಗ ಹುಟ್ಟುವುದೇ ಸೆರಮೈಡ್.

1993ರ ಪ್ರಯೋಗದಲ್ಲಿ ಒಂದು ತೊಡಕಿತ್ತು. ನಿಸರ್ಗದ ಸೆರಮೈಡ್‌ಗೆ ಉದ್ದನೆಯ ಕೊಬ್ಬಿನ ಬಾಲವಿರುವುದರಿಂದ ಅದು ನೀರಿನಲ್ಲಿ ಕರಗುವುದಿಲ್ಲ, ಹೊರಗಿನಿಂದ ಹಾಕಿದರೆ ಕೋಶದೊಳಗೆ ಇಳಿಯುವುದೂ ಕಷ್ಟ. ಹಾಗಾಗಿ ಎರಡೇ ಇಂಗಾಲದ ಮೋಟು ಬಾಲದ ಸೆರಮೈಡನ್ನು ಬಳಸಿದರು. ಕೋಶಗಳ ಡಿಎನ್‌ಎ ತುಂಡುತುಂಡಾಯಿತು. ಡೈಹೈಡ್ರೋಸೆರಮೈಡ್ ಕೊಟ್ಟಾಗ ಮಾತ್ರ ಏನೂ ಆಗಲಿಲ್ಲ ಎಂಬುದು ಅದೇ ಹೊತ್ತಿನ ಇನ್ನೊಂದು ಅಧ್ಯಯನದಲ್ಲಿ ಕಂಡುಬಂತು. ಎರಡು ಅಣುಗಳ ನಡುವಿನ ವ್ಯತ್ಯಾಸ ಒಂದೇ ಒಂದು ಜೋಡಿಬಂಧ. ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಚೆಂದದ ಸಾಕ್ಷ್ಯ ಇದೇ ಇರಬೇಕು: ಕೊಬ್ಬು ಪೊರೆಯನ್ನು ಸಾಬೂನಿನಂತೆ ಕರಗಿಸಿ ಕೊಂದಿತು ಎಂಬ ಆಕ್ಷೇಪಕ್ಕೆ ಅದು ಜಾಗವನ್ನೇ ಬಿಡಲಿಲ್ಲ.

ಮೋಟು ಬಾಲದ ಅಣು ನಿಸರ್ಗದಲ್ಲಿಲ್ಲದ್ದು ಎಂಬ ಆಕ್ಷೇಪ ಮಾತ್ರ ಉಳಿಯಿತು. 1997ರಲ್ಲಿ ಇನ್ನೊಂದು ತಂಡ, ಫ್ಯಾಸ್ ಎಂಬ ಗ್ರಾಹಕದ ಮೂಲಕ ಟಿ-ಕೋಶಗಳು ಸಾಯುವಾಗ ಸೆರಮೈಡ್ ಹುಟ್ಟಲೇಬೇಕೆಂದಿಲ್ಲ ಎಂದು ವರದಿ ಮಾಡಿತು. ಜಗಳದ ಅರ್ಧ ಭಾಗ ಅಳೆಯುವ ವಿಧಾನದ ಬಗ್ಗೆಯೇ ಇತ್ತು. ಪ್ರೋಟೀನಿಗಾದರೆ ಜೀನ್ ಇರುತ್ತದೆ, ಅದನ್ನು ಕೆಡಿಸಿ ನೋಡಬಹುದು. ಕೊಬ್ಬನ್ನು ಹಿಡಿಯಬೇಕಾದರೆ ಅದನ್ನು ತಯಾರಿಸುವ ಕಿಣ್ವದ ಬೆನ್ನುಹತ್ತಬೇಕು.

ಅಂಥ ಆಯುಧವೊಂದು ಬೂಷ್ಟಿನಿಂದ ಬಂತು. ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಮೆಕ್ಕೆಜೋಳದ ಶಿಲೀಂಧ್ರದಿಂದ 1988ರಲ್ಲಿ ಬೇರ್ಪಡಿಸಿದ ಫ್ಯುಮೋನಿಸಿನ್, ಕುದುರೆಗಳ ಮಿದುಳನ್ನು ಕೊಳೆಸುವ ವಿಷ. ಅದು ಸೆರಮೈಡ್ ಕಟ್ಟುವ ಕಿಣ್ವವನ್ನೇ ತಡೆಯುತ್ತದೆಂದು 1991ರಲ್ಲಿ ಗೊತ್ತಾಯಿತು. 1995ರಲ್ಲಿ ರಿಚರ್ಡ್ ಕೋಲೆಸ್ನಿಕ್ ಅವರ ತಂಡ ಕ್ಯಾನ್ಸರ್ ಔಷಧ ಡೌನೊರುಬಿಸಿನ್ ಜೊತೆಗೆ ಇದನ್ನೂ ಕೊಟ್ಟಾಗ ಕೋಶಗಳ ಸಾವು ತಪ್ಪಿತು. ಅದೇ ವರ್ಷ ದಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ ಕಾಣಿಸಿಕೊಂಡವು. ಪರೀಕ್ಷಿಸಿದಾಗ ಕಾಳಿನಲ್ಲಿ ಸಿಕ್ಕಿದ್ದು ಇದೇ ಫ್ಯುಮೋನಿಸಿನ್.

ಸಾವಿನ ಕೊನೆಯ ಹಂತದಲ್ಲಿ ಮಾತ್ರ ಕೊಬ್ಬಿನ ಪಾತ್ರವನ್ನು ಯಾರೂ ಅಷ್ಟಾಗಿ ಪ್ರಶ್ನಿಸಲಿಲ್ಲ. ಫಾಸ್ಫಟಿಡೈಲ್‌ಸೆರಿನ್ ಎಂಬ ಲಿಪಿಡ್ ಆರೋಗ್ಯವಂತ ಕೋಶದಲ್ಲಿ ಪೊರೆಯ ಒಳಮೈಯಲ್ಲೇ ಇರುತ್ತದೆ. ಸಾಯುವ ಕೋಶದಲ್ಲಿ ಅದು ಹೊರಮೈಗೆ ಬರುತ್ತದೆ, ಭಕ್ಷಕ ಕೋಶಗಳು ಅದನ್ನೇ ಗುರುತು ಹಿಡಿದು ನುಂಗುತ್ತವೆ ಎಂದು ವಲೆರಿ ಫ್ಯಾಡಾಕ್ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದರು. ಅದನ್ನು ಹೊರಗೆ ತಿರುಗಿಸುವ ಎಕ್ಸ್‌ಕೆಆರ್8 ಪ್ರೋಟೀನನ್ನು 2013ರಲ್ಲಿ ಜಪಾನಿನ ಶಿಗೆಕಾಜು ನಾಗಾತಾ ತಂಡ ಪತ್ತೆಮಾಡಿತು. ಅದಕ್ಕೆ ಚಾಲನೆ ಕೊಡುವುದು ಕ್ಯಾಸ್ಪೇಸ್, ಅಂದರೆ ಹಾರ್ವಿಟ್ಸ್ ಹುಳುವಿನ ಕಿಣ್ವದ ವಂಶದ್ದೇ.

ಸೆರಮೈಡ್‌ನ ಎದುರಾಳಿಯೂ ಇಷ್ಟರಲ್ಲಿ ಸಿಕ್ಕಿತ್ತು. ಸ್ಫಿಂಗೋಸಿನ್‌ಗೆ ಫಾಸ್ಫೇಟ್ ಸೇರಿದರೆ ಸಿಗುವ ಅಣು ಕೋಶವನ್ನು ಉಳಿಸುತ್ತದೆ ಎಂದು 1996ರಲ್ಲಿ ಸಾರಾ ಸ್ಪೀಗೆಲ್ ತಂಡ ‘ನೇಚರ್’ನಲ್ಲಿ ಬರೆಯಿತು. ಒಂದು ಹೆಚ್ಚಿದರೆ ಸಾವು, ಇನ್ನೊಂದು ಹೆಚ್ಚಿದರೆ ಬದುಕು ಎಂಬ ಚಿತ್ರ ಪಠ್ಯಪುಸ್ತಕಗಳಿಗೆ ಇಷ್ಟವಾಯಿತು. ಆದರೆ ಅದು ಅತಿ ಅಚ್ಚುಕಟ್ಟು. ಸಸ್ತನಿಗಳಲ್ಲಿ ಸೆರಮೈಡ್ ಕಟ್ಟುವ ಕಿಣ್ವಗಳೇ ಆರು. ಒಂದೊಂದೂ ಬೇರೆ ಬೇರೆ ಉದ್ದದ ಬಾಲಗಳನ್ನು ಜೋಡಿಸುತ್ತದೆ, ಯಾವ ಬಾಲ, ಕೋಶದ ಯಾವ ಭಾಗದಲ್ಲಿ ಎಂಬುದರ ಮೇಲೆ ಪರಿಣಾಮವೂ ಬದಲಾಗುತ್ತದೆ.

ಈ ಎದುರಾಳಿಯಿಂದ ಒಂದು ಮಾತ್ರೆಯೂ ಹುಟ್ಟಿತು, ಅದೂ ಯಾರೂ ಎಣಿಸದ ದಾರಿಯಲ್ಲಿ. ಕ್ಯೋಟೊ ವಿಶ್ವವಿದ್ಯಾಲಯದ ತೆತ್ಸುರೊ ಫುಜಿತಾ ಕೀಟಗಳ ಮೇಲೆ ಬೆಳೆಯುವ ಶಿಲೀಂಧ್ರದ ವಸ್ತುವೊಂದನ್ನು ಆಧಾರವಾಗಿಟ್ಟುಕೊಂಡು ಫಿಂಗೊಲಿಮೋಡ್ ರೂಪಿಸಿದರು. ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಗೆ ಅಮೆರಿಕದಲ್ಲಿ 2010ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ದೇಹದೊಳಗೆ ಅದಕ್ಕೂ ಫಾಸ್ಫೇಟ್ ಅಂಟಿಕೊಂಡು, ಅದು ಸ್ಪೀಗೆಲ್ ಹೇಳಿದ ಅಣುವಿನ ಗ್ರಾಹಕಗಳಿಗೇ ಹೋಗಿ ಕೂರುತ್ತದೆ. ಆದರೂ ಮಾತ್ರೆಯ ಮುಖ್ಯ ಕೆಲಸಕ್ಕೂ ಕೋಶದ ಸಾವಿಗೂ ಸಂಬಂಧವಿಲ್ಲ. ನರಗಳ ಮೇಲೆ ಬೀಳುವ ಬಿಳಿರಕ್ತಕೋಶಗಳನ್ನು ಅದು ಕೊಲ್ಲುವುದಿಲ್ಲ, ದುಗ್ಧಗ್ರಂಥಿಗಳಿಂದ ಹೊರಡದಂತೆ ತಡೆದು ನಿಲ್ಲಿಸುತ್ತದೆ, ಅಷ್ಟೆ.